ಓದದೆ ಜೋಡಿಸಿದ ಪುಟಗಳು

ಮಾರ್ಚ್ 3, ಸೋಮವಾರ

ಇವತ್ತು ಅತ್ತೆಯ ಪುಸ್ತಕದ ಫೈಲುಗಳನ್ನು ತೆರೆದೆ. ಪರದೆಯ ತುಂಬ ಕಸ: ಅಲ್ಲೊಂದು ಡಾಲರ್ ಗುರುತು, ಇಲ್ಲೊಂದು ಆವರಣ, ತಲೆಯ ಮೇಲೆ ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳ ಸಾಲುಸಾಲು. ಬೇರೆಯವರಾಗಿದ್ದರೆ ಗಾಬರಿಯಾಗುತ್ತಿದ್ದರು. ನನಗೆ ಹಳೆಯ ಪರಿಚಯದವರು ಬಾಗಿಲು ತಟ್ಟಿದ ಹಾಗಾಯಿತು. ಎಂದೋ ಬಿಟ್ಟುಹೋದ ಫಾಂಟಿನಲ್ಲಿ ಟೈಪ್ ಮಾಡಿದ್ದು. ಈಗಿನ ಕಂಪ್ಯೂಟರಿಗೆ ಅದರ ಗುರುತೇ ಇಲ್ಲ. ಹಳೆಯ ಫಾಂಟನ್ನು ಈಗಿನದಕ್ಕೆ ಬದಲಿಸುವ ಪರಿವರ್ತಕಕ್ಕೆ ಹಾಕಿ, ಒತ್ತಕ್ಷರಗಳು ಎಲ್ಲೆಲ್ಲಿ ಮುರಿದಿವೆ ಎಂದು ನೋಡಿ, ಹನ್ನೊಂದು ಬಗೆಯ ತಪ್ಪುಗಳನ್ನು ಹುಡುಕಿ ಒಟ್ಟಿಗೆ ಬದಲಿಸಿದೆ. ಊಟದ ಹೊತ್ತಿಗೆ ಕಸವೆಲ್ಲ ಅಕ್ಷರವಾಗಿತ್ತು.

ಅತ್ತೆ ಅಂದರೆ ಅಪ್ಪನ ತಂಗಿ. ನಲವತ್ತು ವರ್ಷ ಹೊಲಿಗೆ ಯಂತ್ರಗಳನ್ನು ರಿಪೇರಿ ಮಾಡಿದವರು. ತಮಗೆ ಗೊತ್ತಿದ್ದದ್ದನ್ನೆಲ್ಲ ಬಾಯಲ್ಲಿ ಹೇಳಿ, ಪಕ್ಕದ ಅಂಗಡಿಯಲ್ಲಿ ಟೈಪ್ ಮಾಡುತ್ತಿದ್ದವರ ಕೈಲಿ ಬರೆಸಿದರು. ಅವರನ್ನು ಅತ್ತೆ ಇವತ್ತಿಗೂ ಟೈಪಣ್ಣ ಎನ್ನುತ್ತಾರೆ. ಆರು ವರ್ಷದ ಹಿಂದೆ ಫೈಲುಗಳನ್ನು ನನ್ನ ಕೈಗೆ ಕೊಟ್ಟು, "ಪುಟ್ಟಿ, ಬಿಡುವಾದಾಗ ಇದಕ್ಕೊಂದು ಪುಸ್ತಕದ ಆಕಾರ ಕೊಡು" ಎಂದಿದ್ದರು. ಬಿಡುವು ಸಿಗಲಿಲ್ಲ, ಅಥವಾ ನಾನು ಮಾಡಿಕೊಳ್ಳಲಿಲ್ಲ. ಎರಡರಲ್ಲಿ ಯಾವುದೆಂದು ಕೇಳಿಕೊಂಡರೆ ಉತ್ತರ ನನಗೆ ಹಿಡಿಸುವುದಿಲ್ಲ. ಈ ಮಧ್ಯೆ ಅತ್ತೆಯ ಕಣ್ಣಿನ ನಡುಭಾಗ ಹೋಯಿತು. ಅಂಚು ಕಾಣುತ್ತದೆ, ನಡು ಕಾಣುವುದಿಲ್ಲ. ನನ್ನ ಕಿವಿ ಕಾಣುತ್ತದಂತೆ, ಮುಖ ಕಾಣುವುದಿಲ್ಲವಂತೆ. ಪುಟದ ಸುತ್ತಲಿನ ಖಾಲಿ ಜಾಗ ಕಾಣುತ್ತದೆ, ಅಕ್ಷರ ಕಾಣುವುದಿಲ್ಲ.

ಹೊಲಿಗೆ ತರಬೇತಿ ಕೇಂದ್ರದಲ್ಲಿ ಏಪ್ರಿಲ್ 21ಕ್ಕೆ ರಿಪೇರಿಯ ಕೋರ್ಸು ಶುರು. ಅಲ್ಲಿಯ ಟೀಚರ್ ಮುಚ್ಚುಮರೆ ಇಲ್ಲದೆ ಹೇಳಿದ್ದಾರೆ: ಮಾರ್ಚ್ 28ರೊಳಗೆ ಪುಟಗಳೆಲ್ಲ ಪ್ರೆಸ್ಸಿಗೆ ಇಳಿದರೆ ಅತ್ತೆಯದೇ ಪಾಠದ ಪುಸ್ತಕ. ಇಲ್ಲದಿದ್ದರೆ ಅವರ ಹತ್ತಿರ ಬೇರೊಂದು ತಯಾರಾಗಿಯೇ ಇದೆ. ನೂರ ಅರವತ್ತು ಪುಟ, ಒಂದೂ ಹೆಚ್ಚು ಬೇಡ. ಇನ್ನೊಂದು ಪುಸ್ತಕ ಹೇಳಿ ಬರೆಸುವಷ್ಟು ಅತ್ತೆಗೆ ಕಣ್ಣೂ ಇಲ್ಲ, ಮನಸ್ಸೂ ಇಲ್ಲ. ಇರುವುದು ಇದೊಂದೇ.

ಆಗುತ್ತದೆ. ಇಪ್ಪತ್ತು ವರ್ಷದಿಂದ ಈ ಪ್ರೆಸ್ಸಿನಲ್ಲಿ ಪುಟ ಕಟ್ಟುತ್ತಿದ್ದೇನೆ.

ಮಾರ್ಚ್ 4, ಮಂಗಳವಾರ

ಚಿತ್ರಗಳ ದಿನ. ತೊಂಬತ್ತಾರು ಫೋಟೋಗಳ ಜಾಗದಲ್ಲಿ ತೊಂಬತ್ತಾರು ಕೆಂಪು ಪ್ರಶ್ನಾರ್ಥಕ ಚಿಹ್ನೆ. ಪುಟಕ್ಕೆ ಚಿತ್ರ ಹಾಕಿದೆವು ಎಂದು ನಾವು ತಿಳಿದಿರುತ್ತೇವೆ. ಪುಟ ಇಟ್ಟುಕೊಳ್ಳುವುದು ಚಿತ್ರದ ವಿಳಾಸವನ್ನು ಮಾತ್ರ. ಫೋಲ್ಡರ್ ಮನೆ ಬದಲಾಯಿಸಿದರೆ ಪತ್ರ ವಾಪಸ್. ಹೊಸ ವಿಳಾಸ ತೋರಿಸಿದೆ, ಎಲ್ಲವೂ ಮರಳಿ ಬಂದವು.

ಬಂದವೇನೋ ಸರಿ, ಅರ್ಧಕ್ಕರ್ಧ ಮಸುಕು. ಯಾರೋ ಫೋನಿನಿಂದ ಫೋನಿಗೆ ಕಳಿಸಿ ಕುಗ್ಗಿಸಿಬಿಟ್ಟಿದ್ದಾರೆ. ಪರದೆಯ ಮೇಲೆ ಚೆನ್ನಾಗಿ ಕಾಣುವ ಸೂಜಿ ಕಾಗದದ ಮೇಲೆ ಹುಲ್ಲುಕಡ್ಡಿಯಾಗುತ್ತದೆ.

ನನ್ನ ಪಕ್ಕದ ಮೇಜಿನಲ್ಲಿ ರಕ್ಷಾಪುಟ ಮಾಡುವವಳಿದ್ದಾಳೆ. ಅವಳನ್ನು ಎಲ್ಲರೂ ಬಣ್ಣದಮ್ಮ ಎನ್ನುತ್ತಾರೆ. ಬಗ್ಗಿ ನೋಡಿ, "ಅಕ್ಕ, ಇದು ಬಾಬಿನ್ನೋ ಬಟಾಣಿಯೋ?" ಎಂದಳು.

"ಬಾಬಿನ್. ಕೆಳಗಿನ ದಾರ ಸುತ್ತೋ ಉರುಳೆ."

"ಹೆಸರು ಬರೆದುಬಿಡು ಪಕ್ಕದಲ್ಲಿ. ನಾಳೆ ಯಾರಾದರೂ ನೆನೆಹಾಕಿ ಬೇಯಿಸ್ಯಾರು."

ಮೂಲ ಫೋಟೋಗಳು ಅತ್ತೆಯ ಹಳೆಯ ಕ್ಯಾಮೆರಾದಲ್ಲಿ ಸಿಕ್ಕವು. ಆ ಚಿಂತೆ ಕಳೆಯಿತು.

ಮಾರ್ಚ್ 7, ಶುಕ್ರವಾರ

ಒಳ್ಳೆಯ ವಾರ. ಹತ್ತು ಅಧ್ಯಾಯ, ನೂರ ಐವತ್ತೆಂಟು ಪುಟ. ಮಿತಿಗೆ ಇನ್ನೂ ಎರಡು ಪುಟ ಉಳಿತಾಯ. ಪ್ರತಿ ಅಧ್ಯಾಯದ ಮೊದಲು ಒಂದು ಇಡೀ ಪುಟ ಬಿಟ್ಟು, ಅದರಲ್ಲಿ ಒಂದೇ ಒಂದು ಸೂಜಿಯ ಗೆರೆಚಿತ್ರ. ಮೊದಲ ಅಧ್ಯಾಯದಲ್ಲಿ ದಾರ ಈಗಷ್ಟೇ ಸೂಜಿಯ ಕಣ್ಣಿಗೆ ಬರುತ್ತದೆ. ಅಧ್ಯಾಯದಿಂದ ಅಧ್ಯಾಯಕ್ಕೆ ಉದ್ದವಾಗುತ್ತಾ ಹತ್ತನೆಯದರಲ್ಲಿ ಪುಟ ದಾಟಿ ಹೋಗುತ್ತದೆ. ಇದಕ್ಕೆ ಎರಡು ದಿನ ಹಿಡಿಯಿತು. ಹಿಡಿಯಲಿ. ಇಂಥದ್ದು ದಿನಾ ಹೊಳೆಯುವುದಿಲ್ಲ.

ಕೊನೆಯಲ್ಲಿ ಗುಡಿಸುವ ಕೆಲಸ. ಎರಡು ಸ್ಪೇಸ್ ಇದ್ದ ಕಡೆಯೆಲ್ಲ ಒಂದು ಮಾಡು ಎಂದು ಆಜ್ಞೆ ಕೊಟ್ಟೆ. 1,912 ಬದಲಾವಣೆಗಳಾದವು ಎಂದಿತು. ಪುಟಗಳು ಸ್ನಾನ ಮಾಡಿ ಬಂದ ಮಕ್ಕಳ ಹಾಗೆ ಕಂಡವು. ಇಷ್ಟು ಸುಖ ಕೊಡುವ ಕೆಲಸ ನಮ್ಮ ಕಸುಬಿನಲ್ಲಿ ಇನ್ನೊಂದಿಲ್ಲ.

ಪುಟಗಳನ್ನು ತಲೆಕೆಳಗು ಮಾಡಿಯೂ ನೋಡಿದೆ, ಯಾವಾಗಲೂ ಮಾಡುವ ಹಾಗೆ. ಅಕ್ಷರ ತಲೆಕೆಳಗಾದರೆ ಅರ್ಥ ಅಡ್ಡ ಬರುವುದಿಲ್ಲ; ಎಲ್ಲಿ ಕಪ್ಪು ಹೆಚ್ಚಾಯಿತು, ಎಲ್ಲಿ ಬಿಳಿ ಬಾಯಿ ಬಿಟ್ಟಿದೆ ಎಂಬುದು ಮಾತ್ರ ಉಳಿಯುತ್ತದೆ. ನಾನು ಓದುವುದಿಲ್ಲ, ನೋಡುತ್ತೇನೆ. ಇಂಗ್ಲಿಷ್ ಶಾಲೆಯಲ್ಲಿ ಕಲಿತವಳಿಗೆ ಮನೆಯ ಭಾಷೆಯನ್ನು ಬೇಗ ಓದಲು ಬಾರದಿರುವುದು ಈ ಕೆಲಸದಲ್ಲಿ ಒಂದು ಅನುಕೂಲ ಎಂದೇ ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ.

ಮಾರ್ಚ್ 11, ಮಂಗಳವಾರ

ಪ್ರೂಫ್ ತೆಗೆದುಕೊಂಡು ಅತ್ತೆಯ ಮನೆಗೆ ಹೋದೆ. ಮುಂದಿನ ಕೋಣೆಯೇ ಅವರ ಕೆಲಸದ ಕೋಣೆ: ಉದ್ದನೆಯ ಮೇಜು, ಅದರ ಮೇಲೆ ಮೂರು ಯಂತ್ರದ ತಲೆಗಳು, ಮುಚ್ಚಳವಿರುವ ಡಬ್ಬಿಗಳಲ್ಲಿ ಗಾತ್ರದ ಪ್ರಕಾರ ಸ್ಕ್ರೂಗಳು. ಯಾವ ಡಬ್ಬಿಯಲ್ಲಿ ಏನಿದೆ ಎಂದು ಅಲ್ಲಾಡಿಸಿದರೆ ಸಾಕು, ಸದ್ದಿನಲ್ಲೇ ಹೇಳುತ್ತಾರೆ.

ಅತ್ತೆ ಪ್ರೂಫನ್ನು ಕೈಯಲ್ಲಿ ತೂಗಿ ನೋಡಿದರು. ಅಂಚಿನ ಮೇಲೆ ಬೆರಳಾಡಿಸಿದರು. "ಚೆನ್ನಾಗಿದೆ. ಈಗ ಓದು."

"ಪೂರ್ತಿನಾ?"

"ಇಲ್ಲ, ಬರೀ ಪೂರ್ಣವಿರಾಮ ಓದು."

"ಅತ್ತೆ, ನೂರ ಐವತ್ತೆಂಟು ಪುಟ ಇದೆ."

"ಹೇಳಿದ್ದು ನಾನೇ. ಎಷ್ಟಿದೆ ಅಂತ ನಂಗೊತ್ತು."

ಒಂದು ಪುಟಕ್ಕೆ ಐದು ನಿಮಿಷ ಹಿಡಿಯಿತು. ನಾನು ಎಡವಿದ ಕಡೆಯೆಲ್ಲ ಅತ್ತೆಯ ಬಾಯಿ ನನಗಿಂತ ಮುಂದೆ ಹೋಗುತ್ತಿತ್ತು. ಒಂದು ಕಡೆ ನಕ್ಕೇಬಿಟ್ಟರು. "ನಿನ್ನ ಓದು ಕೇಳಿದ್ರೆ ಎಣ್ಣೆ ಕಾಣದ ಮೆಷಿನ್ ನೆನಪಾಗತ್ತೆ ಪುಟ್ಟಿ."

ಮೊದಲ ಮೂವತ್ತೆರಡು ಪುಟ ಮುಗಿಯಿತು. ಯಂತ್ರದ ಭಾಗಗಳ ಹೆಸರು, ಎಲ್ಲೆಲ್ಲಿ ಎಣ್ಣೆ ಬಿಡಬೇಕು, ಇಷ್ಟೇ. ಒಂದೂ ತಪ್ಪಿಲ್ಲ. ಇದನ್ನು ಹೆಮ್ಮೆಯಿಂದ ಬರೆಯುತ್ತಿದ್ದೇನೆಯೇ, ಅಥವಾ ಮಿಕ್ಕದ್ದನ್ನು ಓದುವುದರಿಂದ ತಪ್ಪಿಸಿಕೊಳ್ಳಲು ಬರೆಯುತ್ತಿದ್ದೇನೆಯೇ, ಗೊತ್ತಿಲ್ಲ.

ಮಾರ್ಚ್ 12, ಬುಧವಾರ

ಕೆಳಗಿನ ಅಂತಸ್ತಿನಿಂದ ಮೇಸ್ತ್ರಿ ಮೇಲೆ ಬಂದರು. ಮುದ್ರಣ ಯಂತ್ರದ ಹೊಣೆಯೆಲ್ಲ ಅವರದು. ಈ ವಾರ ಯಂತ್ರ ಖಾಲಿ ಇದೆ, ತಯಾರಾಗಿರುವಷ್ಟು ಪುಟ ಕೊಟ್ಟರೆ ಅಚ್ಚಿನ ಪ್ಲೇಟ್ ಮಾಡಿ ಶುರು ಮಾಡುತ್ತೇವೆ ಎಂದರು. ಹದಿನಾರು ಪುಟಕ್ಕೆ ಒಂದು ಫಾರಂ. ನಮ್ಮದು ಹತ್ತು ಫಾರಂ. ಐದು ಕೊಟ್ಟೆ, ಒಂದರಿಂದ ಎಂಬತ್ತನೆಯ ಪುಟದವರೆಗೆ.

"ಓದಿದ್ದಾಯ್ತಾ?" ಎಂದರು.

"ನೋಡಿದ್ದಾಯ್ತು" ಎಂದೆ.

ಮಾರ್ಚ್ 17, ಸೋಮವಾರ

ಅತ್ತೆ ಎರಡು ಸಲ ಫೋನ್ ಮಾಡಿ ಕರೆದ ಮೇಲೆ ಇವತ್ತು ಹೋದೆ. ಅವರು ಮೊದಲು ಕೇಳಬೇಕೆಂದದ್ದು ದಾರದ ಬಿಗಿಯ ಅಧ್ಯಾಯವನ್ನು. ಅದಕ್ಕೇ ಜನ ಪುಸ್ತಕ ಕೊಳ್ಳುವುದು ಎಂದರು. ಎಪ್ಪತ್ತೊಂದನೆಯ ಪುಟ ತೆಗೆದೆ.

"ಬಾಬಿನ್ ಕೇಸಿನ ಸಣ್ಣ ಸ್ಕ್ರೂವನ್ನು ಸುತ್ತು ಸಡಿಲಿಸಿ" ಎಂದು ಓದಿದೆ.

"ಎಷ್ಟು?"

"ಸುತ್ತು ಸಡಿಲಿಸಿ."

"ಅದೇ ಕೇಳ್ತಿರೋದು. ಎಷ್ಟು ಸುತ್ತು?"

"ಅಷ್ಟೇ ಇದೆ ಅತ್ತೆ."

"ಅಷ್ಟೇ ಹೇಗಿರತ್ತೆ? ಊರು ಸುತ್ತಿ ಬಾ ಅಂದ ಹಾಗಾಯ್ತು. ಕಾಲು ಸುತ್ತು ಅಂತ ಹೇಳಿದ್ದೆ. ಆ ಸ್ಕ್ರೂನ ಇಡೀ ಸುತ್ತು ತಿರುಗಿಸಿದ್ರೆ ಕೈಗೇ ಬಂದುಬಿಡತ್ತೆ. ನೆಲಕ್ಕೆ ಬಿದ್ರೆ ನಿನ್ನ ಕಣ್ಣಿಗೂ ಕಾಣಲ್ಲ, ನನ್ನದು ಬಿಡು. ಮುಂದೆ ಓದು."

ಮುಂದಿನ ಪ್ಯಾರಾದಲ್ಲಿ, "ಮೇಲಿನ ದಾರದ ಗುಂಡಿಯನ್ನು 1 ಸುತ್ತು ಬಿಗಿಮಾಡಿ."

ಅತ್ತೆ ಮೆತ್ತಗೆ, "ಒಂದಲ್ಲ. ಒಂದೂವರೆ" ಎಂದರು.

"ಟೈಪ್ ಮಾಡುವಾಗ ಬಿಟ್ಟುಹೋಗಿರಬೇಕು" ಎಂದೆ ನಾನು.

ಯೋಚಿಸಿ ಹೇಳಿದ ಮಾತಲ್ಲ. ಆದರೆ ಯೋಚಿಸದೆ ಬಾಯಿಗೆ ಬರುವ ಮಾತು ಎಲ್ಲಿಂದ ಬರುತ್ತದೆ? ದಾರಿಯುದ್ದಕ್ಕೂ ಒಂದೇ ಲೆಕ್ಕ ಹಾಕುತ್ತಾ ಬಂದೆ: ಪ್ಲೇಟಿಗೆ ಹೋಗಿರುವುದು ಎಂಬತ್ತನೆಯ ಪುಟದವರೆಗೆ.

ಮಾರ್ಚ್ 18, ಮಂಗಳವಾರ

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಮೂಲ ಫೈಲು ತೆರೆದೆ. ಕಸದ ನಡುವೆ ಮೂರು ಬಗೆಯ ಪುಟ್ಟ ಗುರುತುಗಳು: ¼, ½, ¾. ಕಾಲು, ಅರ್ಧ, ಮುಕ್ಕಾಲು. ಟೈಪಣ್ಣ ಒಂದನ್ನೂ ಬಿಟ್ಟಿಲ್ಲ. ಒಂದೊಂದಕ್ಕೂ ಆಚೆ ಈಚೆ ಅಚ್ಚುಕಟ್ಟಾಗಿ ಜಾಗ ಬಿಟ್ಟಿದ್ದಾರೆ. ಪರಿವರ್ತಕಕ್ಕೆ ಈ ಮೂರು ಗುರುತು ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳುವ ಬದಲು ಅದು ಸದ್ದಿಲ್ಲದೆ ನುಂಗಿತ್ತು. ನುಂಗಿದ ಕಡೆ ಎರಡು ಸ್ಪೇಸ್ ಉಳಿದಿತ್ತು. ಆ ಎರಡು ಸ್ಪೇಸ್ ಒಂದೇ ಸಾಕ್ಷಿ. ಅದನ್ನು ನಾನು ಗುಡಿಸಿ, ಗುಡಿಸಿದ್ದಕ್ಕೆ ಖುಷಿಪಟ್ಟು, ಇದೇ ನೋಟ್‌ಬುಕ್ಕಿನಲ್ಲಿ ಬರೆದೂ ಇಟ್ಟಿದ್ದೇನೆ.

ಎಣಿಸಿದೆ. 217. ಮೊದಲನೆಯದು ಪುಟ 38ರಲ್ಲಿ.

ಕೆಳಗೆ ಇಳಿದಾಗ ಎರಡು ಫಾರಂ ಮುದ್ರಣ ಮುಗಿದಿತ್ತು. ಮೂರನೆಯದರ ಪ್ಲೇಟನ್ನು ಯಂತ್ರಕ್ಕೆ ಏರಿಸುತ್ತಿದ್ದರು. ಅದು ಮೂವತ್ತಮೂರನೆಯ ಪುಟದಿಂದ ಶುರು.

"ನಿಲ್ಲಿಸಿ" ಎಂದೆ.

ಮೇಸ್ತ್ರಿ ಕೈ ಒರೆಸಿಕೊಂಡರು. "ಎಷ್ಟು ಪ್ಲೇಟ್ ಹಾಳು?"

"ಮೂರು ಫಾರಂದು ಅಷ್ಟೂ. ಮೂರು, ನಾಲ್ಕು, ಐದು."

"ಏನಾಯ್ತು?"

ಹೇಳಿದೆ. ಅವರು ಕಪಾಟಿನಿಂದ ಪುಸ್ತಕ ತೆಗೆದರು, ಹಾಳಾದ ಪ್ಲೇಟುಗಳ ಕಾರಣ ಬರೆಯುವ ಪುಸ್ತಕ. ಪೆನ್ನು ಎತ್ತಿಕೊಂಡು, "ಸಾಫ್ಟ್‌ವೇರ್ ತೊಂದರೆ ಅಂತ ಬರ್ಕೊಳ್ಳಲಾ? ಎಲ್ರೂ ಹಾಗೇ ಬರೆಸ್ತಾರೆ. ಅದಕ್ಕೆ ಬೇಜಾರಿಲ್ಲ" ಎಂದರು.

"ಓದದೆ ಕೊಟ್ಟಿದ್ದು ಅಂತ ಬರ್ಕೊಳ್ಳಿ."

"ಅಂಥ ಕಾಲಂ ಇಲ್ಲವಲ್ಲ."

"ಹಾಗಾದ್ರೆ ನಾನು ಅಂತ ಬರ್ಕೊಳ್ಳಿ."

ಬರೆದುಕೊಂಡರು. ಮೊದಲ ಎರಡು ಫಾರಂ ಉಳಿಯಿತಲ್ಲ ಎಂದು ಅವರೇ ಸಮಾಧಾನ ಹೇಳಿದರು. "ಇಪ್ಪತ್ತೆಂಟಕ್ಕೆ ಮಿಕ್ಕ ಎಂಟೂ ನನ್ನ ಮೇಜಿನ ಮೇಲೆ ಇರಬೇಕು. ಇಪ್ಪತ್ತೊಂಬತ್ತಕ್ಕೆ ಬೇರೆಯವರ ಕೆಲಸ ಏರತ್ತೆ. ಆಗ ನೀವು ಅತ್ರೂ ಯಂತ್ರ ಅಳಲ್ಲ."

ಹತ್ತು ದಿನ. ಸಾಕು. ಭಯ ಆಗಬೇಕಿತ್ತು, ಆಗಲಿಲ್ಲ. ತಪ್ಪು ಎಲ್ಲಿದೆ ಎಂದು ಗೊತ್ತಾದ ಮೇಲೆ ಅದು ಬರೀ ಕೆಲಸ.

ಮಾರ್ಚ್ 19, ಬುಧವಾರ

ಅತ್ತೆಗೆ ಹೇಳಲು ಹೋದೆ. ಬಾಗಿಲಲ್ಲೇ ಅವರು ಶುರುಮಾಡಿದರು.

"ಟೈಪಣ್ಣಂಗೆ ಆವತ್ತು ಸಂಜೆನೇ ಫೋನ್ ಮಾಡಿ ಚೆನ್ನಾಗಿ ಬೈದೆ. ಕಾಲು ಅರ್ಧ ಎಲ್ಲ ತಿಂದುಹಾಕಿದ್ದೀಯಲ್ಲ, ನಿನ್ನ ಸಂಬಳ ಅರ್ಧ ಕೊಟ್ಟಿದ್ನಾ ನಾನು ಅಂದೆ."

"ಅವರೇನಂದ್ರು?"

"ಏನಂತಾನೆ ಪಾಪ. ವಯಸ್ಸಾಗಿತ್ತು ಅಕ್ಕ, ತಪ್ಪಾಗಿರಬೇಕು, ಕ್ಷಮಿಸಿ ಅಂದ. ಆಮೇಲೆ ನಂಗೇ ಒಂಥರಾ ಆಯ್ತು."

ನಿಂತಲ್ಲೇ ಹೇಳಿಬಿಟ್ಟೆ. ಟೈಪಣ್ಣ ಒಂದನ್ನೂ ಬಿಟ್ಟಿರಲಿಲ್ಲ, ಕಳೆದದ್ದು ನನ್ನ ಕೈಯಲ್ಲಿ, ಗುರುತು ಸಿಗದ ಹಾಗೆ ಗುಡಿಸಿದ್ದೂ ನಾನೇ ಎಂದೆ. ಅತ್ತೆ ಡಬ್ಬಿಯೊಂದರ ಮುಚ್ಚಳ ತಿರುಗಿಸುತ್ತಾ ಕೇಳಿದರು.

"ಮೊನ್ನೆ ಗೊತ್ತಿತ್ತಾ?"

"ಗೊತ್ತಿರಲಿಲ್ಲ. ಅನುಮಾನ ಇತ್ತು."

"ಹೂಂ." ಮುಚ್ಚಳ ಗಟ್ಟಿ ಮಾಡಿ, "ಫೋನ್ ಅಲ್ಲೇ ಇದೆ" ಎಂದರು.

ಟೈಪಣ್ಣನಿಗೆ ನಾನೇ ಮಾಡಿದೆ. "ಹಾಗಾದ್ರೆ ಸರಿಯಾಗೇ ಹೊಡೆದಿದ್ನಾ ನಾನು?" ಎಂದು ಎರಡು ಸಲ ಕೇಳಿದರು. ಎರಡು ಸಲವೂ ಹೌದು ಎಂದೆ. "ಒಂದೂ ಬಿಟ್ಟಿರಲಿಲ್ವಾ?" ಎಂದು ಇನ್ನೊಮ್ಮೆ. "ಒಂದೂ ಇಲ್ಲ" ಎಂದೆ. ಫೋನ್ ಇಟ್ಟರು.

ಎರಡು ದಿನ ಆ ಮನುಷ್ಯ ಮಾಡದ ತಪ್ಪನ್ನು ಹೊತ್ತುಕೊಂಡಿದ್ದರು.

ಮಾರ್ಚ್ 20, ಗುರುವಾರ

217 ಗುರುತುಗಳನ್ನು ಮೂಲದಿಂದ ನೋಡಿ ಒಂದೊಂದಾಗಿ ಕೂರಿಸಬಹುದಿತ್ತು. ಎರಡು ದಿನದ ಕೆಲಸ. ಆದರೆ ಪರಿವರ್ತಕ ನುಂಗಿದ್ದು ಅಷ್ಟೇ ಎಂದು ನನಗೆ ಹೇಗೆ ಗೊತ್ತು? ಮೂವತ್ತಮೂರನೆಯ ಪುಟದಿಂದ ಕೊನೆಯವರೆಗೆ ಅತ್ತೆಗೆ ಓದಿ ಹೇಳುತ್ತೇನೆ, ಎಡಗೈಯಲ್ಲಿ ಹಳೆಯ ಫಾಂಟನ್ನೇ ಹುಡುಕಿ ಹಾಕಿ ಮುದ್ರಿಸಿದ ಮೂಲ, ಬಲಗೈಯಲ್ಲಿ ಪ್ರೂಫ್. ಲ್ಯಾಪ್‌ಟಾಪನ್ನು ಅವರ ಕೆಲಸದ ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ, ಯಂತ್ರದ ತಲೆಗಳ ನಡುವೆ.

ಗುರುತುಗಳನ್ನು ಮತ್ತೆ ಹಾಕುವ ಬಗ್ಗೆ ಕೇಳಿದೆ. ಅತ್ತೆ ಬೇಡ ಎಂದರು.

"ಮೆಷಿನ್ ಪಕ್ಕ ಪುಸ್ತಕ ಇಟ್ಕೊಂಡು ನೋಡ್ತಾರೆ. ಮೂಲೆಯಲ್ಲಿ ಬೆಳಕಿರಲ್ಲ, ಪುಟಕ್ಕೆ ಎಣ್ಣೆ ಕೈ ತಾಗಿರತ್ತೆ. ಆ ಚಿಕ್ಕ ಚಿಕ್ಕ ಅಂಕಿ ಕಾಲೋ ಅರ್ಧವೋ ಯಾರಿಗೆ ಕಾಣತ್ತೆ? ಅಕ್ಷರದಲ್ಲಿ ಬರಿ."

"ಒನ್ ಅಂಡ್ ಎ ಕ್ವಾರ್ಟರ್ ಅಂದ್ರೆ..."

"ಒಂದೂಕಾಲು."

"ಟು ಅಂಡ್ ಎ ಹಾಫ್?"

"ಎರಡೂವರೆ. ಇಷ್ಟು ದೊಡ್ಡ ಶಾಲೆಗೆ ಹೋಗಿ ಕಾಲು ಮುರ್ಕೊಂಡು ಬಂದಿದ್ದೀಯ ನೋಡು."

ಇವತ್ತು ಹದಿನೇಳು ಪುಟ.

ಮಾರ್ಚ್ 22, ಶನಿವಾರ

ಇಪ್ಪತ್ತಮೂರು ಪುಟ. ಸೂಜಿ ಮುರಿಯುವುದಕ್ಕೆ ಹತ್ತೊಂಬತ್ತು ಕಾರಣ ಕೊಟ್ಟಿದ್ದಾರೆ ಅತ್ತೆ. ಹತ್ತೊಂಬತ್ತನೆಯದು, "ಹೊಲಿಯುವವರು ಬೇರೆಲ್ಲೋ ನೋಡುತ್ತಿರುವುದು." ಅದಕ್ಕೆ ಪರಿಹಾರ ಬರೆದಿಲ್ಲ. ಯಾಕೆ ಎಂದು ಕೇಳಿದೆ. "ಅದಕ್ಕೆ ಸ್ಕ್ರೂ ಇಲ್ಲ" ಎಂದರು.

ಮಾರ್ಚ್ 24, ಸೋಮವಾರ

ಇಪ್ಪತ್ತೊಂಬತ್ತು ಪುಟ. ಗಂಟಲು ಕಟ್ಟಿದೆ.

ಪುಟ 94ರಲ್ಲಿ ಒಂದು ತಿದ್ದುಪಡಿ. ಬಟ್ಟೆಯ ಅಡಿಯಲ್ಲಿ ದಾರ ಗುಂಗುರು ಗುಂಗುರಾದರೆ ಕೆಳಗಿನ ದಾರವನ್ನು ಬಿಗಿಮಾಡಿ ಎಂದಿತ್ತು. ಓದಿ ಮುಂದಕ್ಕೆ ಹೋದವಳು ಹಿಂದೆ ಬಂದೆ.

"ಅತ್ತೆ, ಇದು ತಿರುಗುಮುರುಗು ಆಗಿದೆ."

"ಏನು?"

"ಹಿಂದಿನ ಅಧ್ಯಾಯದಲ್ಲಿ, ಕೆಳಗೆ ಕೆಟ್ಟು ಕಂಡ್ರೆ ರೋಗ ಮೇಲಿರತ್ತೆ, ಮೇಲೆ ಕೆಟ್ಟು ಕಂಡ್ರೆ ಕೆಳಗಿರತ್ತೆ ಅಂದಿದ್ದೀರಿ. ಹಾಗಾದ್ರೆ ಇಲ್ಲಿ ಮೇಲಿನ ದಾರ ತಾನೇ ಬಿಗಿ ಮಾಡ್ಬೇಕು?"

"ಮೂಲದಲ್ಲಿ ನೋಡು. ಮತ್ತೆ ನಿನ್ನ ಪರಿವರ್ತಕದ ಕೆಲಸ ಇರಬೇಕು."

ನೋಡಿದೆ. ಮೂಲದಲ್ಲೂ ಹಾಗೇ ಇತ್ತು. ಅತ್ತೆ ಗಾಳಿಯಲ್ಲೇ ಬೆರಳು ತಿರುಗಿಸಿ ನೋಡಿಕೊಂಡರು, ಮೇಲೊಮ್ಮೆ, ಕೆಳಗೊಮ್ಮೆ.

"ಬದಲಾಯಿಸು" ಎಂದರು. ಆಮೇಲೆ ಎದ್ದು ಹೋಗಿ ತಾವೇ ಚಹಾ ಮಾಡಿ ತಂದರು. ನಾನು ಮಾಡುತ್ತೇನೆ ಎಂದರೂ ಬಿಡಲಿಲ್ಲ.

ಮಾರ್ಚ್ 26, ಬುಧವಾರ

ಓದು ಮುಗಿಯಿತು. ತೊಂದರೆ ಈಗ ಬೇರೆ ರೂಪದಲ್ಲಿ ಬಂದಿದೆ. ಒಂದು ಗುರುತಿನ ಜಾಗದಲ್ಲಿ ಒಂದು ಪದ ಬಂದರೆ ಸಾಲು ಬೆಳೆಯುತ್ತದೆ; ಸಾಲು ಬೆಳೆದರೆ ಪ್ಯಾರಾ. ಓದುವಾಗ ಅತ್ತೆ ಸೇರಿಸಿದ ಅರ್ಧರ್ಧ ವಾಕ್ಯಗಳೂ ಇವೆ. ಕೊನೆಯ ಪುಟದ ಚೌಕಟ್ಟಿನ ಮೂಲೆಯಲ್ಲಿ ಕೆಂಪು ಕೂಡುಚಿಹ್ನೆ, ಅಂದರೆ ಒಳಗೆ ಹಿಡಿಯದ ಮಾತು ಇನ್ನೂ ಇದೆ ಎಂದು. ಹರಿಯಬಿಟ್ಟು ನೋಡಿದೆ: 164 ಪುಟ. ನಾಲ್ಕು ಹೆಚ್ಚು.

ನನಗೆ ಗೊತ್ತಿರುವ ಉಪಾಯಗಳನ್ನೆಲ್ಲ ಮಾಡಿದೆ. ಅಕ್ಷರಗಳನ್ನು ನೂರಕ್ಕೆ ಎರಡು ಪಾಲು ಇರುಕಿಸಿದೆ. ಒಂದೂವರೆ ಪುಟ ಸಿಕ್ಕಿತು. ಸಾಲಿನ ನಡುವಣ ಅಂತರ ಕೂದಲೆಳೆಯಷ್ಟು ತಗ್ಗಿಸಿದೆ, ಇನ್ನೆರಡೂವರೆ ಸಿಕ್ಕಿತು. ಮೊದಲಾಗಿದ್ದರೆ ಇಷ್ಟಕ್ಕೆ ಗೆದ್ದೆ ಎನ್ನುತ್ತಿದ್ದೆ. ಒಂದು ಪುಟ ಮುದ್ರಿಸಿ, ದೀಪ ಆರಿಸಿ, ಮೆಟ್ಟಿಲ ಕೆಳಗಿನ ಮೂಲೆಗೆ ಹೋಗಿ ನಿಂತು ಓದಲು ನೋಡಿದೆ. ಆಗಲಿಲ್ಲ. ಮಾಡಿದ್ದನ್ನೆಲ್ಲ ಹಿಂದಕ್ಕೆ ತಂದೆ.

ಆಮೇಲೆ ಮೂರನೆಯ ಅಧ್ಯಾಯದ ಸೂಜಿಯ ಪುಟ ತೆಗೆದೆ. ನಾಲ್ಕನೆಯದು. ಐದನೆಯದು. ಹತ್ತನೆಯದರವರೆಗೆ ಎಂಟೂ.

ಬಣ್ಣದಮ್ಮ ಕುರ್ಚಿ ಎಳೆದುಕೊಂಡು ಬಂದಳು. "ಅಕ್ಕ, ಏನ್ ಮಾಡ್ತಿದ್ದೀಯ? ಆ ಸೂಜಿಗೆ ಎರಡು ದಿನ ಊಟ ಬಿಟ್ಟಿದ್ದೆ."

"ಜಾಗ ಬೇಕು."

"ಮೊದಲ ಎರಡು ಅಧ್ಯಾಯದ್ದು ಪ್ರಿಂಟಾಗೋಯ್ತಲ್ಲ. ಅದರಲ್ಲಿ ಸೂಜಿ ಇರತ್ತೆ, ಮಿಕ್ಕಿದ್ದರಲ್ಲಿ ಇರಲ್ಲ. ನೋಡೋರು ಏನಂದ್ಕೊಳ್ತಾರೆ?"

"ಕಳೆದುಹೋಯ್ತು ಅಂದ್ಕೊಳ್ಳಲಿ. ಹೊಲಿಯೋರ ಮನೇಲಿ ಸೂಜಿ ಕಳೆಯೋದು ಹೊಸದಾ?"

ಅವಳು ನಕ್ಕಳು, ನಾನೂ ನಕ್ಕೆ. 156 ಪುಟ. ಕೊನೆಗೆ ನಾಲ್ಕು ಪುಟ ಖಾಲಿ ಉಳಿಯುತ್ತದೆ. ಅತ್ತೆಗೆ ಫೋನ್ ಮಾಡಿ ಏನು ಹಾಕಲಿ ಎಂದು ಕೇಳಿದೆ. "ಗೆರೆ ಎಳೆದು ಬಿಡು. ನಾನು ಹೇಳದೆ ಬಿಟ್ಟಿದ್ದನ್ನ ಅವರು ಬರ್ಕೊಳ್ಳಲಿ" ಎಂದರು.

ಮಾರ್ಚ್ 28, ಶುಕ್ರವಾರ

ಎಂಟು ಫಾರಂ, ಹನ್ನೊಂದು ಗಂಟೆಗೆ ಮೇಸ್ತ್ರಿಯ ಮೇಜಿನ ಮೇಲೆ ಇಟ್ಟೆ.

"ಓದಿದ್ದಾಯ್ತಾ?" ಎಂದರು ಮತ್ತೆ, ಬೇಕೆಂದೇ.

"ಪುಟ ಕೇಳಿ, ಹೇಳ್ತೀನಿ."

ಅವರು ಯಾವುದೋ ಹಾಳೆ ಎಳೆದು, "ನೂರ ಹನ್ನೆರಡು" ಎಂದರು.

"ಪೆಡಲ್ ಭಾರ ಆಗೋದು. ಬೆಲ್ಟಿನ ಮೇಲೆ ಬೆರಳು ಒತ್ತಿದ್ರೆ ಬೆರಳಿನ ದಪ್ಪದಷ್ಟು ಬಗ್ಗಬೇಕು. ಬಗ್ಗದಿದ್ರೆ ಬೆಲ್ಟ್ ಬಿಗಿ, ಅದಕ್ಕಿಂತ ಹೆಚ್ಚು ಬಗ್ಗಿದ್ರೆ ಸಡಿಲ."

ಹಾಳೆಯ ಮೇಲೆ ಕಣ್ಣಾಡಿಸಿ ಪ್ಲೇಟಿನವರಿಗೆ ಕಳಿಸಿದರು.

ಏಪ್ರಿಲ್ 10, ಗುರುವಾರ

ಬಹಳ ದಿನ ಬರೆಯಲಿಲ್ಲ, ಬರೆಯುವಂಥದ್ದೇನೂ ಇರಲಿಲ್ಲ. ಪುಸ್ತಕ ಹೊಲಿಗೆಯಾಗಿ, ಅಂಚು ಕತ್ತರಿಸಿ ಬಂತು. ಪ್ರತಿಗಳು ಕೇಂದ್ರಕ್ಕೆ ಹೋದವು. ಒಂದು ಪ್ರತಿಯನ್ನು ಟೈಪಣ್ಣನಿಗೆ ಕಳಿಸಿದೆ. ಗೆರೆಯ ಪುಟಗಳಿಗೆ ಮುಂಚಿನ ಪುಟದ ಕೊನೆಯಲ್ಲಿ ಅವರ ಪೂರ್ತಿ ಹೆಸರು ಇದೆ.

ಹೊಸ ಕೆಲಸ ಬಂದಿದೆ, ನೀರಿನ ಪಂಪುಗಳ ಕೈಪಿಡಿ. ಮೂರನೆಯ ಪುಟದಲ್ಲಿ ಹೇಳಿದ್ದಕ್ಕೂ ಹದಿನೇಳರಲ್ಲಿ ಹೇಳಿದ್ದಕ್ಕೂ ತಾಳೆಯಾಗುತ್ತಿಲ್ಲ. ನಾಳೆ ಬರೆದವರಿಗೆ ಫೋನ್ ಮಾಡಬೇಕು.

ಏಪ್ರಿಲ್ 22, ಮಂಗಳವಾರ

ಕೋರ್ಸು ನಿನ್ನೆ ಶುರುವಾಯಿತು. ಅತ್ತೆ ಒಮ್ಮೆ ನೋಡಬೇಕೆಂದರು. ನೋಡಬೇಕು ಎಂಬ ಮಾತನ್ನೇ ಬಳಸುತ್ತಾರೆ. ಕರೆದುಕೊಂಡು ಹೋದೆ.

ಉದ್ದನೆಯ ಕೋಣೆ, ಎರಡು ಸಾಲಿನಲ್ಲಿ ಹನ್ನೆರಡು ಯಂತ್ರ, ಒಂದೊಂದರ ಪಕ್ಕದಲ್ಲೂ ಒಂದು ಪುಸ್ತಕ. ಕೆಲವು ಆಗಲೇ ಎಣ್ಣೆ ಹೀರಿಕೊಂಡಿದ್ದವು. ಟೀಚರ್ ಅತ್ತೆಯನ್ನು ಎಲ್ಲರಿಗೂ ಪರಿಚಯ ಮಾಡಿಸಿ, ಎರಡು ಮಾತಾಡಿ ಎಂದರು. "ಮಾತೆಲ್ಲ ಅದರೊಳಗೇ ಹಾಕಿದ್ದೀನಿ, ನೀವು ಕೆಲಸ ಮಾಡಿ" ಎಂದು ಅತ್ತೆ ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತರು. ನಾನು ಪಕ್ಕದಲ್ಲಿ ಕೂತೆ. ಯಂತ್ರಗಳು ಒಂದೊಂದಾಗಿ ಶುರುವಾದವು.

ಸ್ವಲ್ಪ ಹೊತ್ತಿಗೆ ಅತ್ತೆ ತಲೆ ಓರೆ ಮಾಡಿದರು. "ಆ ಕಿಟಕಿ ಕಡೆಯದು. ತೆಳು ಬಟ್ಟೆ. ನೆರಿಗೆ ಕಟ್ತಿದೆ."

ನೋಡಿದೆ. ನನ್ನಷ್ಟೇ ವಯಸ್ಸಿನ ಹೆಂಗಸು, ಬಟ್ಟೆಯನ್ನು ಎಳೆಯುತ್ತಿದ್ದಾಳೆ, ಅದು ಬಟ್ಟೆ ಒತ್ತಿಹಿಡಿಯುವ ಯಂತ್ರದ ಪಾದದ ಕೆಳಗೆ ಮುದುಡುತ್ತಿದೆ. ಟೀಚರ್ ಕೋಣೆಯ ಆ ತುದಿಯಲ್ಲಿದ್ದರು. ನಾನು ಏಳಲು ಹೋದೆ. ಅತ್ತೆ ನನ್ನ ಮಣಿಕಟ್ಟು ಹಿಡಿದರು.

"ಕೂತ್ಕೋ. ಪುಸ್ತಕ ಇದೆಯಲ್ಲ ಅವಳ ಹತ್ರ."

ಹೆಂಗಸು ಪುಟ ತಿರುವಿದಳು. ಹಿಂದಕ್ಕೆ ಹೋದಳು, ಮುಂದಕ್ಕೆ ಬಂದಳು. ಒಂದು ಕಡೆ ಬೆರಳಿಟ್ಟಳು, ತುಟಿ ಅಲ್ಲಾಡುತ್ತಿತ್ತು. ಯಂತ್ರದ ನೆತ್ತಿಯ ಮೇಲಿನ ಸ್ಕ್ರೂ ಹಿಡಿದು ತಿರುಗಿಸಿದಳು.

"ಏನ್ ಮಾಡ್ತಿದಾಳೆ?"

"ಪಾದದ ಒತ್ತಡದ ಸ್ಕ್ರೂ. ಸಡಿಲಿಸಿದ್ಳು."

"ಎಷ್ಟು?"

"ಅರ್ಧ."

ಅವಳು ಎರಡು ಹೊಲಿಗೆ ಹಾಕಿ ಬಟ್ಟೆ ಎತ್ತಿ ಬೆಳಕಿಗೆ ಹಿಡಿದಳು. ಮತ್ತೆ ಪುಸ್ತಕ ನೋಡಿದಳು, ಮತ್ತೆ ಸ್ಕ್ರೂ ಹಿಡಿದಳು.

"ಇನ್ನೂ ಕಾಲು" ಎಂದೆ.

"ಪುಸ್ತಕದಲ್ಲಿ ಏನಿದೆ?"

"ಹಾಗೇ ಇದೆ. ಮೊದಲು ಅರ್ಧ, ಸಾಲದಿದ್ರೆ ಇನ್ನೂ ಕಾಲು. ಅದಕ್ಕಿಂತ ಹೆಚ್ಚು ಬೇಡ, ಬಟ್ಟೆ ಜಾರತ್ತೆ."

ಕಿಟಕಿಯ ಕಡೆಯ ಯಂತ್ರ ಮತ್ತೆ ಶುರುವಾಯಿತು. ಅದರ ಸದ್ದು ಬೇರೆ ಹನ್ನೊಂದರ ಸದ್ದಿನಲ್ಲಿ ಸೇರಿಹೋಯಿತು; ಯಾವುದು ಯಾವುದೆಂದು ನನಗೆ ಗೊತ್ತಾಗಲಿಲ್ಲ. ಅತ್ತೆ ಇನ್ನೂ ಸ್ವಲ್ಪ ಹೊತ್ತು ಕೇಳಿದರು. ಆಮೇಲೆ ನನ್ನ ಭುಜ ಹಿಡಿದು ಎದ್ದರು.

"ನಡಿ ಪುಟ್ಟಿ. ಇಲ್ಲಿ ಇನ್ನು ನಮಗೇನು ಕೆಲಸ."